ಪ್ರಭುತ್ವದ ಬಗೆಗಳು ಮತ್ತು ಪ್ರಜೆಯ ಪಾಲು

ಒಂದು ಮನೆಯಲ್ಲಿ ಹತ್ತು ಜನರಿದ್ದರೆ ಅಲ್ಲಿಯೂ ಒಂದು ಆಳ್ವಿಕೆ ಇದ್ದೇ ಇರುತ್ತದೆ. ಯಾವ ಹೊಲಕ್ಕೆ ಏನು ಬಿತ್ತಬೇಕು, ಎಷ್ಟು ಧಾನ್ಯವನ್ನು ಮಾರಬೇಕು, ಹಬ್ಬಕ್ಕೆ ಎಷ್ಟು ವೆಚ್ಚ, ಮಗಳ ಓದಿಗೆ ಎಷ್ಟು ಹಣ ಎಂಬುದನ್ನು ಯಾರಾದರೂ ನಿಶ್ಚಯಿಸಲೇಬೇಕು. ಹಿರಿಯನೊಬ್ಬನೇ ನಿಶ್ಚಯಿಸುವ ಮನೆಯುಂಟು; ಅಣ್ಣತಮ್ಮಂದಿರು ಕೂಡಿ ನಿಶ್ಚಯಿಸುವ ಮನೆಯುಂಟು; ಹೆಂಗಸರನ್ನೂ ಬೆಳೆದ ಮಕ್ಕಳನ್ನೂ ಕೂರಿಸಿಕೊಂಡು ಕೇಳುವ ಮನೆಯೂ ಉಂಟು. ಮನೆಯ ಹಿರಿಯನು ಸಜ್ಜನನಾಗಿದ್ದರೆ ಮೊದಲನೆಯ ಬಗೆಯೂ ಸುಖವಾಗಿಯೇ ನಡೆಯುತ್ತದೆ. ಆದರೆ ಅವನು ಸಾಲ ಮಾಡಿ ಹೊಲವನ್ನು ಒತ್ತೆಯಿಟ್ಟನೆಂದು ತಿಳಿಯಿರಿ. ಕಣಜದ ಬೀಗದ ಕೈ ಅವನ ಸೊಂಟದಲ್ಲಿಯೇ ಇರುವಾಗ ಉಳಿದ ಒಂಬತ್ತು ಜನ ಏನು ಮಾಡಬಲ್ಲರು? ಈ ಒಂದು ಪ್ರಶ್ನೆಯೇ ಮನೆಯಿಂದ ಊರಿಗೂ ಊರಿನಿಂದ ರಾಜ್ಯಕ್ಕೂ ಬೆಳೆದು ರಾಜನೀತಿಶಾಸ್ತ್ರವೆನಿಸಿಕೊಂಡಿದೆ.

ಜಗತ್ತಿನ ಪ್ರಭುತ್ವಗಳಿಗೆ ಹೆಸರುಗಳು ಹಲವು. ಅರಸೊತ್ತಿಗೆ, ಗಣರಾಜ್ಯ, ಸಂಸದೀಯ ಪದ್ಧತಿ, ಅಧ್ಯಕ್ಷೀಯ ಪದ್ಧತಿ, ಏಕಪಕ್ಷದ ಆಡಳಿತ, ಸೈನ್ಯಾಧಿಕಾರ ಎಂದು ಅವುಗಳನ್ನು ವಿಂಗಡಿಸುವುದುಂಟು. ಹೆಸರುಗಳನ್ನು ಮಾತ್ರ ಕಂಠಪಾಠ ಮಾಡಿದರೆ ಗೃಹಸ್ಥನಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅವುಗಳೊಳಗೆ ಪ್ರಜೆಯ ಪಾಲು ಎಷ್ಟೆಂಬುದನ್ನು ಅಳೆಯುವ ಬಗೆಯನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಅಳತೆಯ ಮೂರು ಪ್ರಶ್ನೆಗಳು

ಗ್ರೀಸ್ ದೇಶದ ತತ್ತ್ವಜ್ಞನಾದ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಪ್ರಭುತ್ವಗಳನ್ನು ಮೂರಾಗಿ ವಿಂಗಡಿಸಿದನು. ಒಬ್ಬನು ಆಳುವುದು ಒಂದು, ಕೆಲವರು ಆಳುವುದು ಇನ್ನೊಂದು, ಹಲವರು ಆಳುವುದು ಮತ್ತೊಂದು. ಆದರೆ ಅವನು ತಲೆಯೆಣಿಕೆಯಲ್ಲಿಯೇ ನಿಲ್ಲಲಿಲ್ಲ. ಆಳುವವರು ಎಲ್ಲರ ಹಿತಕ್ಕಾಗಿ ಆಳುತ್ತಾರೋ, ತಮ್ಮ ಹಿತಕ್ಕಾಗಿ ಆಳುತ್ತಾರೋ ಎಂಬುದನ್ನು ನೋಡಿ, ಒಂದೊಂದು ಬಗೆಗೂ ಒಂದು ಸರಿಯಾದ ರೂಪ, ಒಂದು ಕೆಟ್ಟ ರೂಪ ಉಂಟೆಂದು ಹೇಳಿದನು. ಹಲವರು ಆಳುವುದೂ ಕೆಡಬಹುದೆಂಬುದನ್ನು ಅವನು ಮರೆಯಲಿಲ್ಲ.

ಇಂದಿನ ಪ್ರಜೆಯು ಯಾವುದೇ ಪ್ರಭುತ್ವವನ್ನು ಪರೀಕ್ಷಿಸಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮೊದಲನೆಯದು: ಆಳುವವನಿಗೆ ಅಧಿಕಾರವು ಎಲ್ಲಿಂದ ಬಂದಿತು? ಎರಡನೆಯದು: ಅವನು ಯಾರಿಗೆ ಲೆಕ್ಕ ಒಪ್ಪಿಸಬೇಕು? ಮೂರನೆಯದು: ಅವನು ಕೆಟ್ಟರೆ ರಕ್ತಪಾತವಿಲ್ಲದೆ ಅವನನ್ನು ಇಳಿಸುವ ಮಾರ್ಗವೇನು? ಕಣಜದ ದೃಷ್ಟಾಂತದಲ್ಲಿ ಹೇಳುವುದಾದರೆ, ಬೀಗದ ಕೈಯನ್ನು ಯಾರು ಕೊಟ್ಟರು, ಧಾನ್ಯದ ಲೆಕ್ಕವನ್ನು ಯಾರು ನೋಡುವರು, ಕೈಯನ್ನು ಹಿಂದಕ್ಕೆ ಪಡೆಯುವುದು ಹೇಗೆ ಎಂಬ ಮೂರೇ ಪ್ರಶ್ನೆಗಳು.

ಒಬ್ಬನ ಪ್ರಭುತ್ವ

ಭಾರತದ ಪ್ರಾಚೀನ ಅರ್ಥಶಾಸ್ತ್ರವು ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳನ್ನು ಹೇಳುತ್ತದೆ. ಇದರಲ್ಲಿ ಜನಪದವು ಒಂದು ಅಂಗವಾಗಿರುವುದನ್ನು ಗಮನಿಸಬೇಕು. ಪ್ರಜೆಗಳನ್ನು ರಕ್ಷಿಸುವುದು ಅರಸನ ಧರ್ಮವೆಂದು ಶಾಸ್ತ್ರವು ಸಾರಿತು. ಆದರೆ ಧರ್ಮ ತಪ್ಪಿದ ಅರಸನನ್ನು ಕ್ರಮವಾಗಿ ಇಳಿಸುವ ಅಧಿಕಾರವನ್ನು ಪ್ರಜೆಯ ಕೈಗೆ ಅದು ಕೊಡಲಿಲ್ಲ. ಒಳ್ಳೆಯ ಅರಸನ ಕಾಲದಲ್ಲಿ ಕೆರೆಕಟ್ಟೆಗಳು ತುಂಬಿದವು, ಕೆಟ್ಟ ಅರಸನ ಕಾಲದಲ್ಲಿ ಊರುಗಳು ಬರಿದಾದವು. ಎರಡೂ ಪ್ರಜೆಯ ಪಾಲಿಗೆ ಮಳೆಬೆಳೆಯಂತೆ ದೈವವಶವಾದ ಸಂಗತಿಗಳಾಗಿದ್ದುವು.

ಅರಸನೇ ಸರ್ವಾಧಿಕಾರಿಯಾಗಿರುವ ರಾಜ್ಯಗಳು ಈಗಲೂ ಉಂಟು. ಸೌದಿ ಅರೇಬಿಯಾದಲ್ಲಿ 1992ರ ಮೂಲಶಾಸನದಂತೆ ಅಧಿಕಾರವು ರಾಜವಂಶದಲ್ಲಿಯೇ ಉಳಿದಿದೆ. ಅಲ್ಲಿ 150 ಸದಸ್ಯರ ಸಲಹಾಸಭೆಯೊಂದಿದ್ದರೂ ಅದರ ಸದಸ್ಯರನ್ನು ಅರಸನೇ ನೇಮಿಸುತ್ತಾನೆ. ಸಲಹೆ ಕೊಡುವವನನ್ನು ಸಲಹೆ ಕೇಳುವವನೇ ಆರಿಸಿದರೆ ಲೆಕ್ಕ ಕೇಳುವವರು ಯಾರು?

ಬ್ರಿಟನ್ನಿನಲ್ಲಿಯೂ ಅರಸನಿದ್ದಾನೆ, ಆದರೆ ಅವನ ಅಧಿಕಾರವು ಶತಮಾನಗಳ ಹೋರಾಟದಿಂದ ಮೆಲ್ಲಮೆಲ್ಲನೆ ಜನರ ಕೈಗೆ ಬಂದಿತು. 1215ರಲ್ಲಿ ಸಾಮಂತರು ಜಾನ್ ದೊರೆಯಿಂದ ಮ್ಯಾಗ್ನ ಕಾರ್ಟಾ ಎಂಬ ಹಕ್ಕುಪತ್ರವನ್ನು ಪಡೆದರು. 1689ರ ಹಕ್ಕುಗಳ ಶಾಸನವು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಅರಸನು ತೆರಿಗೆ ವಿಧಿಸಕೂಡದೆಂದು ನಿಲ್ಲಿಸಿತು. 1832ರ ಸುಧಾರಣೆಯಿಂದ ಮಧ್ಯಮವರ್ಗದ ಗಂಡಸರಿಗೆ ಮತ ದೊರೆಯಿತು. 1918ರಲ್ಲಿ 30 ವರ್ಷ ಮೀರಿದ, ನಿರ್ದಿಷ್ಟ ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರಿಗೆ ಮತ ಬಂದಿತು. ಗಂಡಸರಿಗೆ ಸಮಾನವಾದ ಮತವು ಅವರಿಗೆ ದೊರೆತದ್ದು 1928ರಲ್ಲಿ. ಮೊದಲ ಹಕ್ಕುಪತ್ರದಿಂದ ಕೊನೆಯ ಮೆಟ್ಟಿಲಿಗೆ ಏಳುನೂರು ವರ್ಷಗಳಿಗೂ ಮಿಕ್ಕು ಕಾಲ ಹಿಡಿಯಿತು.

ಹಿಮಾಲಯದ ಮಡಿಲಲ್ಲಿರುವ ಭೂತಾನದ ಕಥೆ ಬೇರೆಯಾಗಿದೆ. ಅಲ್ಲಿ ಅರಸನೇ ಮುಂದಾಗಿ ಅಧಿಕಾರವನ್ನು ಹಂಚಿದನು. 2006ರಲ್ಲಿ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ದೊರೆಯು ಸಿಂಹಾಸನವನ್ನು ಮಗನಿಗೆ ಬಿಟ್ಟನು. 2008ರಲ್ಲಿ ಚುನಾವಣೆ ನಡೆದು ಸಂವಿಧಾನವು ಜಾರಿಗೆ ಬಂದಿತು. ಅರಸನು 65ನೆಯ ವಯಸ್ಸಿಗೆ ನಿವೃತ್ತನಾಗಬೇಕೆಂದು ಆ ಸಂವಿಧಾನವೇ ವಿಧಿಸುತ್ತದೆ. ಅದೇ 2008ರಲ್ಲಿ ನೆರೆಯ ನೇಪಾಳವು ಜನರ ಚಳವಳಿಯ ಫಲವಾಗಿ ಅರಸೊತ್ತಿಗೆಯನ್ನೇ ತೆಗೆದು ಗಣರಾಜ್ಯವಾಯಿತು. ಹಂಚದೆ ಹಿಡಿದುಕೊಂಡ ಅಧಿಕಾರವು ಕೈಬಿಟ್ಟುಹೋಯಿತು. ಹಂಚಿದ ಅಧಿಕಾರವು ಗೌರವವಾಗಿ ಉಳಿಯಿತು.

ಕೆಲವರ ಪ್ರಭುತ್ವ

ಬುದ್ಧನ ಕಾಲದಲ್ಲಿ ವೈಶಾಲಿಯ ಲಿಚ್ಛವಿಗಳದು ಗಣರಾಜ್ಯವೆಂದು ಪ್ರಸಿದ್ಧಿ. ಅಲ್ಲಿ ಒಬ್ಬ ಅರಸನ ಬದಲು ಕ್ಷತ್ರಿಯ ಕುಲದ ಮುಖಂಡರು ಸಭೆ ಸೇರಿ ನಿರ್ಣಯಿಸುತ್ತಿದ್ದರು. ಉಳುವವನಿಗೂ ದಾಸನಿಗೂ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. ಅದು ಕೆಲವರ ಪ್ರಭುತ್ವವೇ ಹೊರತು ಎಲ್ಲರದಲ್ಲ.

ತಮಿಳುನಾಡಿನ ಉತ್ತರಮೇರೂರಿನ ಶಾಸನಗಳು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಚೋಳರ ಒಂದನೆಯ ಪರಾಂತಕನ ಕಾಲದಲ್ಲಿ, ಕ್ರಿಸ್ತಶಕ 919 ಮತ್ತು 921ರ ಸುಮಾರಿನಲ್ಲಿ ಬರೆಯಿಸಿದ ಈ ಶಾಸನಗಳಲ್ಲಿ ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ವಿಧಾನವು ವಿವರವಾಗಿ ಬಂದಿದೆ. ಊರನ್ನು 30 ಭಾಗಗಳಾಗಿ ವಿಭಾಗಿಸಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಗಡಿಗೆಯಲ್ಲಿ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ಬಂಧುಗಳಿಗೂ ಮತ್ತೆ ಅವಕಾಶವಿರಲಿಲ್ಲ. ಇಂದಿನವರು ನಾಚಿ ಕಲಿಯಬೇಕಾದ ನಿಯಮವಿದು. ಆದರೂ ಅದು ಬ್ರಾಹ್ಮಣರ ಅಗ್ರಹಾರದ ಸಭೆ. ಸ್ವಂತ ಜಮೀನು, ಸ್ವಂತ ಮನೆ, ವೇದಾಧ್ಯಯನ ಉಳ್ಳ 35 ವರ್ಷದಿಂದ 70 ವರ್ಷದೊಳಗಿನ ಗಂಡಸರಿಗೆ ಮಾತ್ರ ಅಲ್ಲಿ ಪ್ರವೇಶ. ನಿಯಮವು ಶುದ್ಧವಾಗಿತ್ತು, ಬಾಗಿಲು ಕಿರಿದಾಗಿತ್ತು.

ಕನ್ನಡ ನಾಡಿನಲ್ಲಿ ಲಕ್ಷ್ಮೇಶ್ವರದ ಎಂಟನೆಯ ಶತಮಾನದ ಶಾಸನವೊಂದು ಇನ್ನೊಂದು ಮಾದರಿಯನ್ನು ತೋರಿಸುತ್ತದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರದವರಿಗೂ ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯದು. ರಾಜಪುರುಷರು ಏನನ್ನು ಕಾಪಾಡಬೇಕು, ಪುರಜನರು ಏನನ್ನು ಸಲ್ಲಿಸಬೇಕು ಎಂಬ ಎರಡು ಕಡೆಯ ಕರ್ತವ್ಯಗಳನ್ನೂ ಅದು ಬರೆದಿಡುತ್ತದೆ. ಅಧಿಕಾರಿಗೂ ಕಟ್ಟಳೆಯುಂಟೆಂಬ ಭಾವನೆಯು ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಎಲ್ಲರೂ ಕೂಡಿ ಆಳುವ ಪ್ರಭುತ್ವ

ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ ಪೌರರು ತಾವೇ ಬಯಲಿನಲ್ಲಿ ಸಭೆ ಸೇರಿ ಯುದ್ಧವನ್ನೂ ಶಾಂತಿಯನ್ನೂ ತೆರಿಗೆಯನ್ನೂ ನಿರ್ಣಯಿಸುತ್ತಿದ್ದರು. ಸಭೆಯ ಕಾರ್ಯವನ್ನು ಸಿದ್ಧಪಡಿಸಲು 500 ಜನರ ಮಂಡಲಿಯೊಂದನ್ನು ಚೀಟಿಯೆತ್ತಿ ಆರಿಸುತ್ತಿದ್ದರು. ಪೌರನೆನಿಸಿದ ಬಡವನೂ ಅಲ್ಲಿ ಧನಿಕನ ಸಮಕ್ಕೆ ಕೈಯೆತ್ತಬಲ್ಲವನಾಗಿದ್ದನು. ಆದರೆ ಸ್ತ್ರೀಯರು, ದಾಸರು, ಹೊರಗಿನಿಂದ ಬಂದು ನೆಲೆಸಿದವರು ಪೌರರ ಲೆಕ್ಕಕ್ಕೆ ಸೇರಿರಲಿಲ್ಲ. ಕ್ರಿಸ್ತಪೂರ್ವ 399ರಲ್ಲಿ ಅದೇ ಪೌರರ ನ್ಯಾಯಮಂಡಲಿಯು ಬಹುಮತದಿಂದ ಸಾಕ್ರೆಟೀಸನಿಗೆ ವಿಷವನ್ನು ವಿಧಿಸಿತು. ಬಹುಮತವೊಂದೇ ನ್ಯಾಯವಲ್ಲ, ಒಬ್ಬಂಟಿಯಾದ ಸತ್ಯವಾದಿಯನ್ನು ಕಾಪಾಡುವ ಕಟ್ಟಳೆಯೂ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ.

ಇಂದಿನ ಜಗತ್ತಿನಲ್ಲಿ ಈ ಪದ್ಧತಿಗೆ ಹತ್ತಿರವಾದದ್ದು ಸ್ವಿಟ್ಜರ್ಲೆಂಡ್. ಅಲ್ಲಿ 26 ಕ್ಯಾಂಟನ್ನುಗಳೆಂಬ ಪ್ರಾಂತಗಳುಂಟು. ಸಂಸತ್ತು ಮಾಡಿದ ಕಾನೂನು ಬೇಡವೆನಿಸಿದರೆ 100 ದಿನಗಳೊಳಗೆ 50,000 ಮತದಾರರು ಸಹಿ ಮಾಡಿ ಅದನ್ನು ದೇಶದ ಮತಕ್ಕೆ ಹಾಕಿಸಬಹುದು. ಸಂವಿಧಾನದಲ್ಲಿ ತಿದ್ದುಪಡಿ ಬೇಕೆಂದರೆ 18 ತಿಂಗಳೊಳಗೆ 1,00,000 ಸಹಿಗಳನ್ನು ಕೂಡಿಸಿ ಜನರೇ ಸೂಚನೆಯನ್ನು ಮುಂದಿಡಬಹುದು. ಗ್ಲಾರಸ್ ಕ್ಯಾಂಟನ್ನಿನಲ್ಲಿ ಈಗಲೂ ವರ್ಷಕ್ಕೊಮ್ಮೆ ಜನರು ಬಯಲಿನಲ್ಲಿ ಕೂಡಿ ಕೈಯೆತ್ತಿ ನಿರ್ಣಯಿಸುತ್ತಾರೆ. ಇಂಥ ದೇಶದಲ್ಲಿಯೂ ಸ್ತ್ರೀಯರಿಗೆ ರಾಷ್ಟ್ರಮಟ್ಟದ ಮತ ದೊರೆತದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಕ್ಯಾಂಟನ್ನಿನ ಗಂಡಸರು 1990ರಲ್ಲಿಯೂ ಸ್ತ್ರೀಯರಿಗೆ ಮತ ಬೇಡವೆಂದು ಕೈಯೆತ್ತಿದರು. ಕಡೆಗೆ ಆ ವರ್ಷವೇ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವು ಅದನ್ನು ಕೊಡಿಸಬೇಕಾಯಿತು. ಎಲ್ಲರ ಪ್ರಭುತ್ವವೆಂದು ಹೇಳುವಾಗ ‘ಎಲ್ಲರು’ ಎಂಬ ಮಾತಿನೊಳಗೆ ಯಾರು ಸೇರಿದ್ದಾರೆಂದು ವಿಚಾರಿಸುವುದು ಅವಶ್ಯಕ.

ಪ್ರತಿನಿಧಿಗಳ ಮೂಲಕ ಆಳುವ ಪ್ರಭುತ್ವ

ಕೋಟಿಗಟ್ಟಲೆ ಜನರು ಒಂದು ಬಯಲಿನಲ್ಲಿ ಕೂಡಲಾರರು. ಆದಕಾರಣ ದೊಡ್ಡ ದೇಶಗಳಲ್ಲಿ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುವ ಪದ್ಧತಿಯುಂಟಾಯಿತು. ಇದರಲ್ಲಿ ಮುಖ್ಯವಾದ ಎರಡು ಬಗೆಗಳಿವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1787ರಲ್ಲಿ ರಚಿತವಾಗಿ 1789ರಲ್ಲಿ ಜಾರಿಗೆ ಬಂದ ಸಂವಿಧಾನದಂತೆ ಅಧ್ಯಕ್ಷನು ನಾಲ್ಕು ವರ್ಷಗಳಿಗೆ ಆರಿಸಲ್ಪಡುತ್ತಾನೆ. ಶಾಸನ ಮಾಡುವವರು, ಅದನ್ನು ನಡೆಸುವವರು, ನ್ಯಾಯ ಹೇಳುವವರು ಎಂದು ಅಧಿಕಾರವನ್ನು ಮೂರಾಗಿ ಬೇರ್ಪಡಿಸಿ ಒಂದನ್ನೊಂದು ತಡೆಯುವಂತೆ ಇಟ್ಟಿದ್ದಾರೆ. ಅಲ್ಲಿ ಅವಿಶ್ವಾಸದ ಮತದಿಂದ ಅಧ್ಯಕ್ಷನನ್ನು ಇಳಿಸಲಾಗದು. ಘೋರ ಅಪರಾಧವನ್ನು ಆರೋಪಿಸಿ ಸೆನೆಟಿನಲ್ಲಿ ಮೂರರಲ್ಲಿ ಎರಡು ಪಾಲಿನ ಮತ ದೊರೆತರೆ ಮಾತ್ರ ಅವನು ಇಳಿಯಬೇಕು. ಅಂಥ ವಿಚಾರಣೆಯು ಸಮೀಪಿಸಿದಾಗ 1974ರಲ್ಲಿ ನಿಕ್ಸನ್ ಅಧ್ಯಕ್ಷನು ತಾನೇ ರಾಜೀನಾಮೆ ಕೊಟ್ಟನು.

ಭಾರತದಲ್ಲಿ ಬ್ರಿಟನ್ನಿನಂತೆ ಸಂಸದೀಯ ಪದ್ಧತಿ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಸಭೆಯ ವಿಶ್ವಾಸ ತಪ್ಪಿದ ದಿನವೇ ಅದು ಇಳಿಯಬೇಕು. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರವು ವಿಶ್ವಾಸದ ಪರ 269, ವಿರೋಧ 270 ಮತಗಳಾಗಿ ಕೇವಲ ಒಂದು ಮತದಿಂದ ಬಿದ್ದಿತು. ಸೈನ್ಯ ಕದಲಲಿಲ್ಲ, ಗುಂಡು ಹಾರಲಿಲ್ಲ. ಪ್ರಧಾನಿಯು ರಾಷ್ಟ್ರಪತಿಯ ಬಳಿಗೆ ಹೋಗಿ ರಾಜೀನಾಮೆಯನ್ನು ಸಲ್ಲಿಸಿದರು. ಮೂರನೆಯ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರ ದೊರೆಯುವುದು ಕಷ್ಟ.

ಬ್ರಿಟನ್ನಿನ ಜನರು ಶತಮಾನಗಳಲ್ಲಿ ಹತ್ತಿದ ಮೆಟ್ಟಿಲುಗಳನ್ನು ಭಾರತವು ಒಂದೇ ಹೆಜ್ಜೆಯಲ್ಲಿ ಹತ್ತಿತೆಂಬುದು ಮರೆಯತಕ್ಕ ಮಾತಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 21 ವರ್ಷ ತುಂಬಿದ ಎಲ್ಲ ಸ್ತ್ರೀಪುರುಷರಿಗೂ ಜಾತಿ, ಆಸ್ತಿ, ಅಕ್ಷರಗಳ ಭೇದವಿಲ್ಲದೆ ಮತವನ್ನು ಕೊಟ್ಟಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಮಿಕ್ಕ ಮತದಾರರಿದ್ದರು. ಅವರಲ್ಲಿ ಬಹುಮಂದಿ ಓದುಬರಹ ಅರಿಯದವರಾದುದರಿಂದ ಪಕ್ಷಗಳಿಗೆ ಚಿಹ್ನೆಗಳನ್ನು ಕೊಡಲಾಯಿತು. 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದ ವಯಸ್ಸು 18ಕ್ಕೆ ಇಳಿಯಿತು.

ಕೊಟ್ಟ ಅಧಿಕಾರವು ಕೈತಪ್ಪುವ ಬಗೆ

ಚುನಾವಣೆ ಇದ್ದ ಮಾತ್ರಕ್ಕೆ ಪ್ರಜೆಯ ಪಾಲು ಭದ್ರವೆಂದು ತಿಳಿಯಬಾರದು. ಜರ್ಮನಿಯಲ್ಲಿ 1919ರ ವೈಮರ್ ಸಂವಿಧಾನವು ಎಲ್ಲ ವಯಸ್ಕ ಸ್ತ್ರೀಪುರುಷರಿಗೂ ಮತವನ್ನು ಕೊಟ್ಟಿತ್ತು. 1933ರ ಜನವರಿಯಲ್ಲಿ ಹಿಟ್ಲರನು ಆ ಸಂವಿಧಾನದ ಮೇರೆಗೇ ಪ್ರಧಾನಿಯಾದನು. ಅದೇ ವರ್ಷದ ಮಾರ್ಚ್ 23ರಂದು ಸಂಸತ್ತು ತಾನೇ ಒಂದು ಶಾಸನವನ್ನು ಮಾಡಿ, ತನ್ನ ಒಪ್ಪಿಗೆಯಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಮಂತ್ರಿಮಂಡಲಕ್ಕೆ ಒಪ್ಪಿಸಿತು. ವಿರೋಧಿಗಳಲ್ಲಿ ಕೆಲವರು ಆಗಲೇ ಬಂಧನದಲ್ಲಿದ್ದರು. ವಿರುದ್ಧವಾಗಿ ಮತ ಕೊಟ್ಟವರು ಸೋಷಿಯಲ್ ಡೆಮಾಕ್ರಟ್ ಪಕ್ಷದವರು ಮಾತ್ರ. ಒಡೆಯನು ತಾನೇ ಬೀಗದ ಕೈಯನ್ನು ಕೊಟ್ಟು, ಲೆಕ್ಕದ ಪುಸ್ತಕವನ್ನೂ ಸುಟ್ಟಂತಾಯಿತು.

ಭಾರತದಲ್ಲಿಯೂ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ತುರ್ತುಪರಿಸ್ಥಿತಿ ನಡೆಯಿತು. ಪತ್ರಿಕೆಗಳ ಮೇಲೆ ಪರಿಶೋಧನೆ ಬಂದಿತು; ವಿರೋಧ ಪಕ್ಷದ ಮುಖಂಡರು ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. 1977ರ ಚುನಾವಣೆಯಲ್ಲಿ ಜನರು ಆ ಸರ್ಕಾರವನ್ನು ಇಳಿಸಿದರು. ಮುಂದೆ 1978ರ 44ನೆಯ ತಿದ್ದುಪಡಿಯು ತುರ್ತುಪರಿಸ್ಥಿತಿಯಲ್ಲಿಯೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡಕೂಡದೆಂದು ಕಟ್ಟುಮಾಡಿತು. ಎರಡು ದೇಶಗಳ ಈ ಎರಡು ಕಥೆಗಳಲ್ಲಿ ಒಂದರ ಅಂತ್ಯವು ಮಹಾಯುದ್ಧವಾಯಿತು, ಇನ್ನೊಂದರ ಅಂತ್ಯವು ಮತಪೆಟ್ಟಿಗೆಯಾಯಿತು. ಕೈಯನ್ನು ಹಿಂದಕ್ಕೆ ಪಡೆಯುವ ದಾರಿಯು ಒಂದು ಕಡೆ ಮುಚ್ಚಿಹೋಗಿತ್ತು, ಇನ್ನೊಂದು ಕಡೆ ತೆರೆದಿತ್ತು. ಅಷ್ಟೇ ವ್ಯತ್ಯಾಸ.

ಮೇಲಿನಿಂದ ಊರಿನವರೆಗೆ

ಅಧಿಕಾರವನ್ನು ಹಂಚುವುದಕ್ಕೆ ಇನ್ನೊಂದು ಕ್ರಮವುಂಟು. ಅದು ರಾಜಧಾನಿಯಿಂದ ಊರಿನವರೆಗಿನ ಹಂಚಿಕೆ. ಫ್ರಾನ್ಸಿನಂಥ ಏಕೀಕೃತ ರಾಜ್ಯದಲ್ಲಿ ಮೂಲಾಧಿಕಾರವೆಲ್ಲ ಕೇಂದ್ರದಲ್ಲಿರುತ್ತದೆ. ಸಂಯುಕ್ತ ರಾಜ್ಯದಲ್ಲಿ ಸಂವಿಧಾನವೇ ಎರಡು ಸರ್ಕಾರಗಳಿಗೆ ಎಲ್ಲೆ ಹಾಕುತ್ತದೆ. ಭಾರತದ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಕ್ಷಣೆ, ನಾಣ್ಯ, ರೈಲ್ವೆಗಳು ಕೇಂದ್ರದ ಪಟ್ಟಿಯಲ್ಲಿಯೂ, ಪೊಲೀಸು, ಆರೋಗ್ಯ, ಬೇಸಾಯಗಳು ರಾಜ್ಯದ ಪಟ್ಟಿಯಲ್ಲಿಯೂ, ವಿದ್ಯಾಭ್ಯಾಸ ಮೊದಲಾದವು ಇಬ್ಬರ ಪಟ್ಟಿಯಲ್ಲಿಯೂ ಇವೆ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಆ ವರ್ಷದ ದಸರೆಯ ಕಾಲದಲ್ಲಿ 144 ಸದಸ್ಯರು ಮೈಸೂರಿನಲ್ಲಿ ಸೇರಿ ದಿವಾನರ ವರದಿಯನ್ನು ಕೇಳಿ ತಮ್ಮ ತಾಲ್ಲೂಕುಗಳ ಕುಂದುಕೊರತೆಗಳನ್ನು ಹೇಳಿಕೊಂಡರು. ಹೇಳಿಕೊಳ್ಳುವ ಹಕ್ಕು ಅವರಿಗಿತ್ತು, ನಿರ್ಣಯಿಸುವ ಹಕ್ಕಿರಲಿಲ್ಲ. ಆಸ್ತಿಯಿಲ್ಲದವರಿಗೆ ಹೇಳಿಕೊಳ್ಳುವ ಹಕ್ಕೂ ಇರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು; 1923ರಲ್ಲಿ ಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಕೇಳಿಸಿಕೊಳ್ಳುವ ಪ್ರಭುತ್ವವು ಹಂಚಿಕೊಳ್ಳುವ ಪ್ರಭುತ್ವಕ್ಕೆ ಮೊದಲ ಮೆಟ್ಟಿಲಾಯಿತು.

ಕರ್ನಾಟಕವು 1983ರ ಶಾಸನದಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರವನ್ನೂ ಹಣವನ್ನೂ ಕೊಡಲು ಮುಂದಾಯಿತು. ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಆಗಲೇ ಕಾದಿರಿಸಿತ್ತು. ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬರು ಈ ಕಾರ್ಯದ ಪ್ರೇರಕರು. ಊರೂರಿಗೆ ಕೊಳವೆಬಾವಿ ತೋಡಿಸಿದುದಕ್ಕಾಗಿ ಜನರು ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಪಂಚಾಯಿತಿಗಳನ್ನು ಸಂವಿಧಾನದ ಅಂಗವಾಗಿಸಿತು. ಐದು ವರ್ಷಗಳಿಗೊಮ್ಮೆ ಚುನಾವಣೆ ಕಡ್ಡಾಯವಾಯಿತು; ಸ್ತ್ರೀಯರಿಗೆ ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದ ಸ್ಥಾನ ದೊರೆಯಿತು. ಕರ್ನಾಟಕವು 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಆದರೂ 2016ರಲ್ಲಿ ಆರಿಸಿಬಂದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ ಇದೇ ರಾಜ್ಯದಲ್ಲಿ ವರ್ಷಗಳ ಕಾಲ ಚುನಾವಣೆ ನಡೆಯದೆ ಅಧಿಕಾರಿಗಳ ಕೈಯಲ್ಲಿ ಆಡಳಿತವು ಉಳಿಯಿತು. ಬರೆದ ಕಟ್ಟಳೆಯೂ ಕಾಯುವವರಿಲ್ಲದಿದ್ದರೆ ಮಲಗುತ್ತದೆ.

ಗೃಹಸ್ಥನ ಪಾಲು

ಇಷ್ಟು ವಿಚಾರಿಸಿದ ಮೇಲೆ ಪ್ರಶ್ನೆಯು ಮತ್ತೆ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಅಥೆನ್ಸಿನ ಬಯಲು, ಗ್ಲಾರಸಿನ ಬಯಲು ದೂರದ ಮಾತು. ಪ್ರತಿಯೊಂದು ಊರಿಗೂ ಅಂಥದೊಂದು ಬಯಲನ್ನು ಸಂವಿಧಾನವು ಈಗ ಕೊಟ್ಟಿದೆ. ಅದರ ಹೆಸರು ಗ್ರಾಮಸಭೆ. ಪಂಚಾಯಿತಿ ಸದಸ್ಯರ ಸಭೆ ಬೇರೆ, ಗ್ರಾಮಸಭೆ ಬೇರೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಸ್ತ್ರೀಯೂ ಪುರುಷನೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕೆಂದು ಕರ್ನಾಟಕದ ಕಾನೂನು ಹೇಳುತ್ತದೆ. ಯಾವ ಬಡವನಿಗೆ ಮನೆ, ಯಾವ ಕೇರಿಗೆ ಚರಂಡಿ, ಹೋದ ವರ್ಷದ ಹಣ ಎಲ್ಲಿ ಹೋಯಿತು ಎಂಬುದನ್ನು ಕೇಳತಕ್ಕ ಸ್ಥಳ ಅದು.

ಆ ದಿನ ಊರಿನ ಶಾಲೆಯ ಅಂಗಳದಲ್ಲಿ ಚಾಪೆ ಹಾಸಿರುತ್ತದೆ. ಬಂದವರು ಹತ್ತಿಪ್ಪತ್ತು ಜನರಾದರೆ, ಉಳಿದವರಿಗೆ ಹೊಲದ ಕೆಲಸ, ಸಂತೆ, ಬೀಗರ ಮನೆ. ಪಟ್ಟಿಯನ್ನು ಬೇಗನೆ ಓದಿ ಮುಗಿಸುತ್ತಾರೆ. ಪುಸ್ತಕಕ್ಕೆ ಸಹಿಗಳು ಬೀಳುತ್ತವೆ. ಸೋರುವ ಗುಡಿಸಲಿನ ಮುದುಕಿಯ ಹೆಸರು ಪಟ್ಟಿಯಲ್ಲಿಲ್ಲ. ಎರಡಂತಸ್ತಿನ ಮನೆಯವನ ಹೆಸರು ಇದೆ. ಅವಳಿಗೆ ಆದ ಅನ್ಯಾಯವನ್ನು ದೆಹಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರೂ ಮಾಡಲಿಲ್ಲ. ಆ ದಿನ ಬಾರದೆ ಹೋದ ನೂರಾರು ಮನೆಗಳವರು ಕೂಡಿ ಮಾಡಿದರು. ಎಲ್ಲರ ಪ್ರಭುತ್ವವು ಕೆಲವರ ಪ್ರಭುತ್ವವಾಗುವುದಕ್ಕೆ ಕ್ರಾಂತಿ ಬೇಕಿಲ್ಲ. ಎಲ್ಲರೂ ಮನೆಯಲ್ಲಿ ಕುಳಿತರೆ ಸಾಕು.

ಲೆಕ್ಕ ಕೇಳಿದರೆ ವೈರವಾದೀತೆಂದು ಅಂಜುವವರುಂಟು. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಬರವಣಿಗೆಯಲ್ಲಿ ಕೇಳಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಅಧಿಕಾರಿಯು ಉತ್ತರ ಕೊಡಬೇಕು. ಲೆಕ್ಕ ಕೇಳುವುದು ದೂಷಣೆಯಲ್ಲ. ಪ್ರಾಮಾಣಿಕನಾದ ಲೆಕ್ಕಿಗನು ಪುಸ್ತಕವನ್ನು ತೋರಿಸಲು ಹಿಂಜರಿಯುವುದಿಲ್ಲ. ಕೇಳುವವರೇ ಇಲ್ಲದಿದ್ದರೆ ಅವನ ಪ್ರಾಮಾಣಿಕತೆಯೂ ಕತ್ತಲೆಯಲ್ಲಿಯೇ ಉಳಿಯುತ್ತದೆ. ಕಾಯಕದಲ್ಲಿ ನಿಷ್ಠೆಯುಳ್ಳ ಗೃಹಸ್ಥನು ತನ್ನ ಅಂಗಡಿಯ ತಕ್ಕಡಿಯನ್ನು ಹೇಗೆ ನೇರವಾಗಿ ಹಿಡಿಯುವನೋ, ಊರಿನ ತಕ್ಕಡಿಯನ್ನೂ ಹಾಗೆಯೇ ನೋಡಬೇಕು.

ಮುಂದಿನ ಗ್ರಾಮಸಭೆಯ ದಿನ ಗೃಹಸ್ಥನು ಒಂದು ಹೊತ್ತಿನ ಕೆಲಸವನ್ನು ಬದಿಗಿಟ್ಟು ಹೋಗಲಿ. ಹೆಂಡತಿಯನ್ನೂ ಹದಿನೆಂಟು ತುಂಬಿದ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಅವರ ಹೆಸರುಗಳೂ ಆ ಪಟ್ಟಿಯಲ್ಲಿವೆ. ತನ್ನ ಮನೆಗೆ ಏನು ಬಂದಿತೆಂದು ಕೇಳುವ ಮೊದಲು, ಆ ಮುದುಕಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಲಿ. ಇಲ್ಲವೆಂದರೆ, ಸೇರಿಸುವವರೆಗೆ ಪುಸ್ತಕಕ್ಕೆ ಸಹಿ ಹಾಕದಿರಲಿ.